ಕಾಯ್ಲಿಂಗ್ ಆಗಿ ಏಳು ವಾರ: ಸ್ಕ್ಯಾನ್ ಚೆನ್ನಾಗಿದೆಯಂತೆ, ನಾನು ಮಾತ್ರ ಚೆನ್ನಾಗಿಲ್ಲ

ನಿದ್ದೆಗೆಟ್ಟ ಹಕ್ಕಿ:
ಬಹಳ ದಿನದಿಂದ ಇಲ್ಲಿ ಬರೀ ಓದ್ತಾ ಇದ್ದೆ, ಬರೆಯೋದು ಇದೇ ಮೊದಲು. ವಯಸ್ಸು 43. ಸೈನಸ್ ತೊಂದರೆ ಅಂತ ಎಂಆರ್‌ಐ ಮಾಡಿಸಿದ್ರೆ ಮೆದುಳಿನ ರಕ್ತನಾಳದಲ್ಲಿ 7 ಮಿ.ಮೀ. ಅನ್ಯೂರಿಸಂ, ಅಂದ್ರೆ ನಾಳದ ಗೋಡೆ ಉಬ್ಬಿ ಆದ ಗುಳ್ಳೆ, ಸಿಕ್ತು. ಒಡೆದಿರಲಿಲ್ಲ. ತೊಡೆಸಂದಿಯಿಂದ ಕ್ಯಾತಿಟರ್ ಅನ್ನೋ ತೆಳು ಕೊಳವೆ ತೂರಿಸಿ, ಗುಳ್ಳೆಯ ಬಾಯಿ ಅಗಲ ಇದೆ ಅಂತ ನಾಳದೊಳಗೆ ಸ್ಟೆಂಟ್ ಅನ್ನೋ ಜಾಲರಿ ಇಟ್ಟು, ಗುಳ್ಳೆಯೊಳಗೆ ಕಾಯ್ಲ್, ಅಂದ್ರೆ ತೆಳು ಲೋಹದ ಸುರುಳಿ, ತುಂಬಿದ್ರು. ಮೂರನೇ ದಿನ ಮನೆಗೆ ಬಂದೆ. ಈಗ ಏಳು ವಾರ.

ಎಡಗಣ್ಣಿನ ಹಿಂದೆ ದಿನಾ ನೋವು. ಮೊದಲಿಂದ ಬರ್ತಿದ್ದ ತಲೆನೋವಿನ ಥರ ಅಲ್ಲ, ಒಳಗಿಂದ ಯಾರೋ ಹೆಬ್ಬೆರಳಲ್ಲಿ ಒತ್ತಿದ ಹಾಗೆ. ವಾರಕ್ಕೆ ಒಂದೆರಡು ಸಲ ಕಣ್ಣ ಮುಂದೆ ಅಂಕುಡೊಂಕು ಮಿಂಚಿನ ಗೆರೆ ಬಂದು ಹೋಗುತ್ತೆ. ತಲೆ ಬಾಚಿದ್ರೆ ಹಿಂಭಾಗದಲ್ಲಿ ಅಂಗೈಯಗಲ ಜಾಗದ ಕೂದಲು ಕೈಗೇ ಬಂತು. ಕೈಕಾಲು ತುಂಬ ನೀಲಿ ಕಲೆ, ಎಲ್ಲಿ ತಾಗಿಸ್ಕೊಂಡೆ ಅಂತಲೂ ನೆನಪಿಲ್ಲ. ಮಾತಿನ ಮಧ್ಯೆ ಗೊತ್ತಿರೋ ಪದವೇ ಸಿಗಲ್ಲ. ನಿನ್ನೆ ‘ಬೀಗ’ ಅನ್ನೋಕೆ ಬರದೆ ಬಾಗಿಲು ತೋರಿಸಿದೆ.

ಡಾಕ್ಟರು ಸ್ಕ್ಯಾನ್ ನೋಡಿ ‘ತುಂಬಾ ಚೆನ್ನಾಗಿದೆ’ ಅಂದ್ರು. ಮನೆಯವರು ‘ತಲೆ ಕೊಯ್ದೇ ಇಲ್ಲವಲ್ಲ, ಇನ್ನೂ ಏನು’ ಅಂತಾರೆ. ಇದರಲ್ಲಿ ಯಾವುದು ತಾನಾಗೇ ಹೋಗುತ್ತೆ, ಯಾವುದಕ್ಕೆ ಓಡಬೇಕು? ಅನುಭವ ಇರೋರು ಹೇಳಿ.

ಮಳೆ ನಿಂತ ಮೇಲೆ:
ಕೂದಲು!! ನನಗೂ!! ನಾನೊಬ್ಬಳೇ ಅಂದ್ಕೊಂಡಿದ್ದೆ.

ಏಳು ಸುರುಳಿ:
ಬನ್ನಿ ಹಕ್ಕಿ ಅವರೇ. ನನಗೆ ನಾಲ್ಕು ವರ್ಷ ಆಯ್ತು, ಏಳು ಕಾಯ್ಲ್, ಹೆಸರು ಅದಕ್ಕೇ. ತಲೆನೋವಿನ ಬಗ್ಗೆ ನನ್ನ ಲೆಕ್ಕ ಹೇಳ್ತೀನಿ. ಮೊದಲ ತಿಂಗಳು ದಿನಾ. ಎರಡನೇ ತಿಂಗಳು ದಿನ ಬಿಟ್ಟು ದಿನ. ಆರನೇ ತಿಂಗಳ ಹೊತ್ತಿಗೆ ಹವೆ ಬದಲಾದಾಗಲೋ ನಿದ್ದೆ ಕೆಟ್ಟಾಗಲೋ ಮಾತ್ರ. ಈಗ ಅಪರೂಪ.

ನನಗೆ ಅರ್ಥ ಮಾಡಿಸಿದ ರೀತಿ ಇದು: ಮೆದುಳಿಗೆ ನೋವು ಗೊತ್ತಾಗಲ್ಲ, ಆದರೆ ಅದರ ದೊಡ್ಡ ರಕ್ತನಾಳಗಳಿಗೂ ಹೊದಿಕೆಗೂ ಚೆನ್ನಾಗಿ ಗೊತ್ತಾಗುತ್ತೆ. ಗುಳ್ಳೆಗೆ ಕಾಯ್ಲ್ ತುಂಬಿದರು ಅಂದ್ರೆ ಪೂರ್ತಿ ಲೋಹ ಅಲ್ಲ. ಒಳಗಿನ ಜಾಗದಲ್ಲಿ ಸುಮಾರು 20ರಿಂದ 30 ಶೇಕಡಾ ಮಾತ್ರ ಪ್ಲಾಟಿನಂ, ಉಳಿದದ್ದೆಲ್ಲ ಹೆಪ್ಪುಗಟ್ಟಿದ ರಕ್ತ. ಆ ಹೆಪ್ಪು ಗಟ್ಟಿಯಾಗಿ ಗಾಯದ ಕಲೆಯ ಥರ ಆಗೋವರೆಗೂ ನಾಳದ ಗೋಡೆಯಲ್ಲಿ ಉರಿಯೂತ ಇರುತ್ತೆ. ಸ್ಟೆಂಟ್ ಒಳಗಿಂದ ಗೋಡೆಯನ್ನ ಎಳೆದು ಹಿಡಿದಿರುತ್ತೆ. ‘ಹೆಬ್ಬೆರಳಲ್ಲಿ ಒತ್ತಿದ ಹಾಗೆ’ ಅಂದ್ರಲ್ಲ, ನನ್ನ ನೋವೂ ಥೇಟ್ ಅದೇ.

ಇನ್ನೊಂದು ಮುಖ್ಯ ಮಾತು. ನೋವಿಗೆ ಐಬುಪ್ರೊಫೆನ್ ನುಂಗಬೇಡಿ. ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಕೊಡೋ ಆಸ್ಪಿರಿನ್ ಕೆಲಸಕ್ಕೆ ಅದು ಅಡ್ಡ ಬರುತ್ತೆ, ಹೊಟ್ಟೆಯಲ್ಲಿ ರಕ್ತ ಸೋರೋದಕ್ಕೂ ದಾರಿ. ನಮ್ಮಂಥವರಿಗೆ ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಹೇಳ್ತಾರೆ.

ಕ್ಯಾಥ್‌ಲ್ಯಾಬ್ ಕಿಟಕಿ:
ನಾನು ಡಾಕ್ಟರಲ್ಲ, ಈ ಕ್ಯಾತಿಟರ್ ಕೆಲಸ ನಡೆಯೋ ಕ್ಯಾಥ್‌ಲ್ಯಾಬಿನಲ್ಲಿ ಟೆಕ್ನಿಷಿಯನ್. ಕೂದಲಿನ ವಿಷಯ ಮಾತ್ರ ಹೇಳ್ತೀನಿ, ಅದು ನನ್ನ ಯಂತ್ರದ ಕೆಲಸ. ಎಕ್ಸ್‌ರೇ ನೋಡ್ಕೊಂಡೇ ತಂತಿ ಓಡಿಸೋದು. ಕೇಸ್ ಗಂಟೆಗಟ್ಟಲೆ ಎಳೆದ್ರೆ ಒಂದೇ ಕೋನದಿಂದ ಒಂದೇ ಜಾಗದ ಚರ್ಮಕ್ಕೆ ವಿಕಿರಣ ಬೀಳ್ತಾ ಹೋಗುತ್ತೆ. 3 ಗ್ರೇ (ವಿಕಿರಣದ ಡೋಸ್ ಅಳೆಯೋ ಮಾನ) ದಾಟಿದ್ರೆ ಆ ಜಾಗದ ಕೂದಲು ತಾತ್ಕಾಲಿಕವಾಗಿ ಉದುರಬಹುದು, 7 ಗ್ರೇ ದಾಟಿದ್ರೆ ಕಾಯಂ ಆಗಿ ಹೋಗೋ ಸಾಧ್ಯತೆ. ಉದುರೋದು ಅವತ್ತೇ ಅಲ್ಲ, ಎರಡು ಮೂರು ವಾರ ಬಿಟ್ಟು. ಅದಕ್ಕೇ ಜನ ಶಾಂಪೂ ಬೈತಾರೆ, ನೀರು ಬೈತಾರೆ, ನಮ್ಮನ್ನ ಬಿಟ್ಟು. ಬಹುತೇಕರಿಗೆ ಕೆಲವೇ ತಿಂಗಳಲ್ಲಿ ವಾಪಸ್ ಬರುತ್ತೆ. ಚರ್ಮ ಕೆಂಪಾಗಿ ಹುಣ್ಣಾದ್ರೆ ಮಾತ್ರ ತೋರಿಸಿ. ಎಷ್ಟು ಡೋಸ್ ಬಿತ್ತು ಅನ್ನೋದು ದಾಖಲೆಯಲ್ಲಿ ಇರುತ್ತೆ, ಕೇಳಿ ಬರೆಸ್ಕೊಳ್ಳಿ. ಮುಂದೆ ಇನ್ನೊಂದು ಆಂಜಿಯೋಗ್ರಾಂ ಆಗೋದಿದ್ರೆ ಬೇಕಾಗುತ್ತೆ.

ಮಳೆ ನಿಂತ ಮೇಲೆ:
ನಾನು ಶಾಂಪೂನೇ ಬೈದೆ. ಮೂರು ಬಾಟಲಿ ಬದಲಾಯಿಸಿದೆ.

ಕೊಂಕುಮಾತು:
ಅದಕ್ಕೇ ನಾನು ಹೇಳೋದು. ತಲೆ ತೆಗೆದು ಗುಳ್ಳೆಯ ಬುಡಕ್ಕೆ ಕ್ಲಿಪ್ ಹಾಕಿಸ್ಕೊಂಡಿದ್ರೆ ಒಂದೇ ಸಲಕ್ಕೆ ಮುಗೀತಿತ್ತು. ಈ ತಂತಿ, ಸುರುಳಿ, ಸ್ಟೆಂಟ್ ಎಲ್ಲಾ ಅರೆಬರೆ ಕೆಲಸ.

ಅರ್ಧ ನಿಮಿಷ:
ತಲೆ ತೆಗೆದ್ರೆ ಎಲ್ಲಾ ಒಂದೇ ಸಲಕ್ಕೆ ಮುಗಿಯುತ್ತೆ, ಅದಂತೂ ನಿಜ. ತಲೆಬುರುಡೆ ತೆರೆದು ಅನ್ನಿ ಸ್ವಾಮಿ.

ಅಂಕಿ ಇಲ್ಲದೆ ಮಾತಿಲ್ಲ:
ಕೊಂಕುಮಾತು ಅವರೇ, ಈ ಜಗಳ ಹಳೇದು, ಸ್ವಲ್ಪ ಮಟ್ಟಿಗೆ ಇತ್ಯರ್ಥವೂ ಆಗಿದೆ. ಇಟಲಿ ಮೂಲದ ಗುಗ್ಲಿಯೆಲ್ಮಿ ಅನ್ನೋ ವೈದ್ಯರ ಕಾಯ್ಲ್ ಮೊದಲ ಸಲ ರೋಗಿಯೊಬ್ಬರಿಗೆ ಹೋಗಿದ್ದು 1990ರಲ್ಲಿ. ಹನ್ನೆರಡು ವರ್ಷದ ಮೇಲೆ, 2002ರಲ್ಲಿ, ಕಾಯ್ಲ್ ಮತ್ತು ಕ್ಲಿಪ್ ಎರಡನ್ನೂ ಹೋಲಿಸಿದ ಐಸ್ಯಾಟ್ ಅನ್ನೋ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಒಡೆದ ಅನ್ಯೂರಿಸಂನ 2143 ಜನ. ಒಂದು ವರ್ಷದ ಕೊನೆಗೆ ಸತ್ತವರು ಅಥವಾ ಪರಾವಲಂಬಿಗಳಾದವರು ಕಾಯ್ಲಿಂಗ್ ಗುಂಪಿನಲ್ಲಿ 23.7 ಶೇಕಡಾ, ಕ್ಲಿಪ್ಪಿಂಗ್ ಗುಂಪಿನಲ್ಲಿ 30.6 ಶೇಕಡಾ. ಫಿಟ್ಸ್ ಕೂಡ ಕಾಯ್ಲಿಂಗ್ ಆದವರಲ್ಲೇ ಕಡಿಮೆ.

ಕೊಂಕುಮಾತು:
ಆದ್ರೆ ಕಾಯ್ಲ್ ಹಾಕಿದ್ದು ಮತ್ತೆ ತೆರ್ಕೊಳ್ಳುತ್ತೆ. ಅದನ್ನ ಹೇಳಲ್ಲ ನೀವು.

ಅಂಕಿ ಇಲ್ಲದೆ ಮಾತಿಲ್ಲ:
ಹೇಳ್ತೀನಿ, ತಾಳಿ. ಹೌದು. ಹಲವು ಅಧ್ಯಯನ ಸೇರಿಸಿ ನೋಡಿದ್ರೆ ಕಾಯ್ಲ್ ಹಾಕಿದ ಗುಳ್ಳೆಗಳಲ್ಲಿ ಸುಮಾರು ಐದರಲ್ಲಿ ಒಂದು ಸ್ವಲ್ಪವಾದರೂ ಮತ್ತೆ ತೆರೆದುಕೊಳ್ಳುತ್ತೆ, ಸುಮಾರು ಹತ್ತರಲ್ಲಿ ಒಂದಕ್ಕೆ ಮತ್ತೆ ಚಿಕಿತ್ಸೆ ಬೇಕಾಗುತ್ತೆ. ಐಸ್ಯಾಟ್‌ನಲ್ಲೂ ತಡವಾಗಿ ಮತ್ತೆ ರಕ್ತಸ್ರಾವ ಆಗಿದ್ದು ಕಾಯ್ಲ್ ಗುಂಪಿನಲ್ಲಿ ಸ್ವಲ್ಪ ಜಾಸ್ತಿ, ಒಟ್ಟಾರೆ ಅಪರೂಪವಾದ್ರೂ. ಹಾಗಾಗಿ ನಿಮ್ಮ ಮಾತಿನಲ್ಲಿ ಹುರುಳಿಲ್ಲ ಅಂತ ನಾನೆಲ್ಲೂ ಅಂದಿಲ್ಲ. ಆದರೆ ಹಕ್ಕಿಯವರದ್ದು ಒಡೆಯದ ಗುಳ್ಳೆ, ಐಸ್ಯಾಟ್ ಅವರಿಗೆ ನೇರವಾಗಿ ಅನ್ವಯಿಸೋದೇ ಇಲ್ಲ. ಮತ್ತೆ ಆಗಲೇ ಆಗಿಹೋಗಿದ್ದಕ್ಕೆ ಈಗ ಬೇರೆ ಮಾಡಿಸ್ಕೋಬೇಕಿತ್ತು ಅಂದ್ರೆ ಅವರೇನು ಮಾಡ್ಬೇಕು, ಬಿಚ್ಚಿ ವಾಪಸ್ ಕೊಡ್ಬೇಕಾ?

ನೇರ ನುಡಿ:
ನೀಲಿ ಕಲೆ ರಕ್ತ ತೆಳು ಮಾಡೋ ಮಾತ್ರೆಯಿಂದ. ಒಂದು ವಾರ ಮಾತ್ರೆ ಬಿಟ್ಟು ನೋಡಿ, ತಾನಾಗೇ ಹೋಗುತ್ತೆ.

ಏಳು ಸುರುಳಿ:
ಬೇಡ. ಬೇಡ. ಬೇಡ. ನಿರ್ವಾಹಕರೇ, ಈ ಉತ್ತರ ದಯವಿಟ್ಟು ತೆಗೀರಿ.

ಬಡಗಣ ಗಾಳಿ:
ನೋಡ್ರಿ ಅಕ್ಕಾರ, ಮಾತ್ರಿ ಬಿಡೂದು ಹುಡುಗಾಟಕಿ ಅಲ್ಲ. ನಮ್ಮ ಮಾವಗ ಹಿಂಗ ಸ್ಟೆಂಟ್ ಹಾಕಿದ್ರು. ಮೂರನೇ ತಿಂಗಳದಾಗ ಹಲ್ಲು ಕೀಳಸಾಕ ಹೋದ್ರು. ಹಲ್ಲಿನ ಡಾಕ್ಟರು ‘ರಕ್ತ ನಿಲ್ಲಂಗಿಲ್ಲ, ಎರಡೂ ಮಾತ್ರಿ ಬಂದ್ ಮಾಡ್ರಿ’ ಅಂದ್ರು. ಇವ್ರು ಸ್ಟೆಂಟ್ ಹಾಕಿದವ್ರಿಗೆ ಒಂದು ಮಾತು ಕೇಳಲಿಲ್ಲ. ಆರನೇ ದಿನ ಮುಂಜಾನೆ ಅಂಗಿ ಗುಂಡಿ ಹಾಕ್ಕೊಳಾಕ ಬರವಲ್ತು. ಬಲಗೈ ಜೋತು ಬಿದ್ದಿತ್ತು, ಮಾತು ತೊದಲತಿತ್ತು. ಅತ್ತಿ ‘ರಾತ್ರಿ ಕೈ ಮ್ಯಾಲೆ ಮಲಗ್ಯಾರ, ಜೋಮು ಹಿಡದೈತಿ’ ಅಂತ ಅರ್ಧ ತಾಸು ತಿಕ್ಕಿದ್ರು. ಆ ಅರ್ಧ ತಾಸು ನೆನಸ್ಕೊಂಡ್ರ ಈಗೂ ಹೊಟ್ಟ್ಯಾಗ ಕಲಸಿದಂಗ ಆಗತೈತಿ. ಸ್ಟೆಂಟಿನೊಳಗ ಹೆಪ್ಪುಗಟ್ಟಿತ್ತು. ಮತ್ತ ತೊಡಿಯಿಂದನ ತಂತಿ ಹಾಕಿ ತಗದ್ರು. ಈಗ ನಡೀತಾರ, ಮಾತಾಡ್ತಾರ, ಆದ್ರ ಸಹಿ ಮಾತ್ರ ಎಡಗೈಲೆ ಮಾಡ್ತಾರ.

ನೀಲಿ ಕಲಿ ಅಂದ್ರ ಮಾತ್ರಿ ಕೆಲಸ ಮಾಡಾಕತ್ತಾವ ಅಂತ ತಿಳೀರಿ.

ವೇದಿಕೆ ನಿರ್ವಾಹಕ:
‘ನೇರ ನುಡಿ’ಯವರ ಉತ್ತರ ತೆಗೆದಿಲ್ಲ, ಬೇಕೆಂದೇ ಇಟ್ಟಿದ್ದೇನೆ, ಕೆಳಗಿನ ಉತ್ತರದ ಜೊತೆ ಓದಿದರೆ ಪಾಠವಾಗುತ್ತೆ ಅಂತ. ಸ್ಟೆಂಟ್ ಅಥವಾ ಫ್ಲೋ ಡೈವರ್ಟರ್ (ಗುಳ್ಳೆಗೆ ರಕ್ತ ನುಗ್ಗದಂತೆ ತಡೆಯುವ ಒತ್ತು ಹೆಣಿಗೆಯ ಸ್ಟೆಂಟ್) ಇರುವವರು ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಇತ್ಯಾದಿಗಳನ್ನು ಅದನ್ನು ಹಾಕಿದ ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಇಲ್ಲಿ ಯಾರೂ ನಿಮ್ಮ ವೈದ್ಯರಲ್ಲ. ಕಾಯದೆ ತುರ್ತು ಚಿಕಿತ್ಸೆಗೆ ಹೋಗಬೇಕಾದದ್ದು: ಮುಖ ವಾಲುವುದು, ಒಂದು ಕಡೆಯ ಕೈಕಾಲು ಸೋಲುವುದು, ಮಾತು ತೊದಲುವುದು, ಒಂದು ಕಣ್ಣಿಗೆ ದಿಢೀರ್ ಪರದೆ ಬಿದ್ದಂತಾಗುವುದು, ಫಿಟ್ಸ್, ಸಿಡಿಲು ಬಡಿದಂತೆ ಒಂದೇ ಕ್ಷಣಕ್ಕೆ ಏರುವ ತಲೆನೋವು. ಅಂಥ ಹೊತ್ತಲ್ಲಿ ಇಲ್ಲಿ ಪ್ರಶ್ನೆ ಹಾಕಿ ಉತ್ತರ ಕಾಯಬೇಡಿ.

ನೇರ ನುಡಿ:
ಸರಿ, ಸ್ಟೆಂಟ್ ಇದೆ ಅನ್ನೋದು ನಾನು ಓದಿರಲಿಲ್ಲ. ತಪ್ಪಾಯ್ತು.

ಕಡಲ ಕರೆ:
ನನಗೆ ತಲೆದ್ದು ಎಂತ ತೊಂದರೆ ಇಲ್ಲ ಮಾರಾಯ್ರೆ, ತೊಂದರೆ ಆದದ್ದೆಲ್ಲ ತೊಡೆದು. ತಲೆಗೆ ಮಾಡಿದ ಕೆಲಸಕ್ಕೆ ತೊಡೆ ಯಾಕೆ ನೋಡಬೇಕು ಅಂತ ಯಾರೂ ನೋಡ್ಲಿಲ್ಲ. ಐದನೇ ದಿನ ತೊಡೆಸಂದಿಯಲ್ಲಿ ನಿಂಬೆಯಷ್ಟು ಗಂಟು, ಕೈಯಿಟ್ಟರೆ ಡಬ್ ಡಬ್ ಅಂತ ಹೊಡೀತಾ ಉಂಟು. ಅಲ್ಟ್ರಾಸೌಂಡ್ ಮಾಡಿ ಸೂಡೋಅನ್ಯೂರಿಸಂ ಅಂದ್ರು. ಚುಚ್ಚಿದ ತೂತು ಸರಿಯಾಗಿ ಮುಚ್ಚದೆ ರಕ್ತ ಹೊರಗೆ ಬಂದು ಅಲ್ಲೇ ಚೀಲ ಮಾಡಿಕೊಂಡದ್ದು. ಒಂದು ಅನ್ಯೂರಿಸಂ ಮುಚ್ಚಲಿಕ್ಕೆ ಹೋಗಿ ಇನ್ನೊಂದು ಬಂತಲ್ಲ ಅಂತ ನನಗೆ ನಗು ಬಂತು, ಹೆಂಡತಿಗೆ ಬರ್ಲಿಲ್ಲ. ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ ಇಂಜೆಕ್ಷನ್ ಕೊಟ್ರು, ಮುಚ್ಚಿತು.

ಕೆನಡಾದ ಗಾಯಕ ನೀಲ್ ಯಂಗ್ ಕಥೆ ಗೊತ್ತುಂಟಾ? 2005ರಲ್ಲಿ ನ್ಯೂಯಾರ್ಕಿನಲ್ಲಿ ಅನ್ಯೂರಿಸಂಗೆ ಹೀಗೇ ಚಿಕಿತ್ಸೆ ಆಯ್ತು. ತಲೆ ಸರಿಯಾಯ್ತು. ಎರಡು ದಿನ ಬಿಟ್ಟು ತೊಡೆಯ ಧಮನಿಯಿಂದ ರಕ್ತ ಹೋಗಿ ದಾರಿಯಲ್ಲೇ ಎಚ್ಚರ ತಪ್ಪಿದ್ರು. ಹಾಗಾಗಿ ತೊಡೆಯನ್ನೂ ನೋಡ್ಕೊಳ್ಳಿ. ಗಂಟು ಕಾಣದೇ ಇದ್ದು ಸೊಂಟ ಅಥವಾ ಪಕ್ಕೆ ವಿಪರೀತ ನೋವು, ತಲೆ ಸುತ್ತು ಬಂದರೂ ಬಿಡಬೇಡಿ, ರಕ್ತ ಒಳಗಿಂದೊಳಗೇ ಹೊಟ್ಟೆಯ ಹಿಂಭಾಗಕ್ಕೆ ಹೋಗ್ತಾ ಇರಬಹುದು.

ಅರ್ಧ ನಿಮಿಷ:
ಈಗ ಮಣಿಕಟ್ಟಿನಿಂದಲೂ ಮಾಡ್ತಾರಲ್ಲ? ನನಗೆ ಹಾಗೇ ಮಾಡಿದ್ದು. ಒಂದು ವಾರ ಬೆರಳು ಜುಮ್ ಅಂತಿತ್ತು ಅಷ್ಟೇ.

ನಿದ್ದೆಗೆಟ್ಟ ಹಕ್ಕಿ:
ಇಷ್ಟು ಉತ್ತರ ಬರುತ್ತೆ ಅಂದ್ಕೊಂಡಿರಲಿಲ್ಲ, ಕಣ್ಣು ತುಂಬಿ ಬಂತು. ಕೂದಲ ಕಥೆ ತಿಳಿದು ಅರ್ಧ ಭಾರ ಇಳೀತು. ಮಾತ್ರೆ ಬಿಟ್ಟಿಲ್ಲ, ಬಿಡೋದೂ ಇಲ್ಲ. ಆದ್ರೆ ಆ ಮಿಂಚಿನ ಗೆರೆ ಬಗ್ಗೆ ಯಾರೂ ಹೇಳಲಿಲ್ಲ?

ಕೊಂಕುಮಾತು:
ಅದೆಲ್ಲ ಆತಂಕ. ಗೂಗಲ್ ಮಾಡೋದು ನಿಲ್ಲಿಸಿ, ಎಲ್ಲಾ ಸರಿಹೋಗುತ್ತೆ.

ಏಳು ಸುರುಳಿ:
ಕೊಂಕುಮಾತು ಅವರೇ, ನಿಮಗೆ ಯಾವತ್ತಾದ್ರೂ ಅನ್ಯೂರಿಸಂ ಆಗಿತ್ತಾ? ಸುಮ್ಮನೆ ಕೇಳಿದೆ.

ಕೊಂಕುಮಾತು:
ನನಗಲ್ಲ. ಅಣ್ಣನಿಗೆ. ಕ್ಲಿಪ್ ಹಾಕಿದ್ರು, ಆಮೇಲೆ ಏನೂ ತೊಂದರೆ ಆಗಿಲ್ಲ.

ಅರ್ಧ ನಿಮಿಷ:
ಅಣ್ಣನನ್ನೇ ಕೇಳಿದ್ರಾ, ಇಲ್ಲಾ ನೀವೇ ಹೇಳ್ತಿದ್ದೀರಾ?

ನೀರಲ್ಲಿ ನೆರಳು:
ಆತಂಕ ಅನ್ನೋದನ್ನ ಬೈಗುಳದ ಥರ ಬಳಸಬೇಡಿ ದಯವಿಟ್ಟು. ನನ್ನದು ಅರ್ಧ ಆತಂಕವೇ ಆಗಿತ್ತು. ರಾತ್ರಿ ಕುತ್ತಿಗೆಯ ನಾಡಿ ಕಿವಿಗೆ ಕೇಳೋದು, ಎದ್ದು ಕೂತು ಎಣಿಸೋದು. ಅದಕ್ಕೆ ಔಷಧಿ ತಗೊಂಡೆ, ಕಡಿಮೆ ಆಯ್ತು. ಹಾಗಂತ ತಲೆನೋವು ಸುಳ್ಳಾಗಿರಲಿಲ್ಲ. ಎರಡೂ ಒಟ್ಟಿಗೇ ಇರಬಹುದು.

ಮಿಂಚಿನ ಗೆರೆಗೆ: ನನಗೂ ಬರ್ತಿತ್ತು. ಡಾಕ್ಟರು ಕೇಳಿದ ಪ್ರಶ್ನೆಗಳನ್ನೇ ಕೇಳ್ತೀನಿ. ಚಿಕ್ಕದಾಗಿ ಶುರುವಾಗಿ ನಿಧಾನಕ್ಕೆ ದೊಡ್ಡದಾಗಿ ಪಕ್ಕಕ್ಕೆ ಸರಿಯುತ್ತಾ? ಒಂದು ಕಣ್ಣು ಮುಚ್ಚಿದ್ರೂ ಇನ್ನೊಂದರಲ್ಲಿ ಕಾಣುತ್ತಾ? ಇಪ್ಪತ್ತು ನಿಮಿಷದಲ್ಲಿ ಹೋಗುತ್ತಾ? ಹೌದಾದ್ರೆ ಮೈಗ್ರೇನ್ ಔರಾ, ಅಂದ್ರೆ ಮೈಗ್ರೇನ್ ಜೊತೆ ಬರೋ ಕಣ್ಣಿನ ಮಿಂಚು, ಇರಬಹುದು, ರಕ್ತನಾಳವನ್ನ ಕೆಣಕಿದ ಮೇಲೆ ಅದು ಎದ್ದು ಕೂರೋದು ಇದೆ. ಆದ್ರೆ ಒಂದೇ ಕಣ್ಣಿಗೆ, ದಿಢೀರ್ ಅಂತ, ಮಿಂಚಲ್ಲ ಕತ್ತಲೆ ಅಂದ್ರೆ ಅದು ಬೇರೆ ಕಥೆ, ಅಲ್ಲಿಗೆ ಹೆಪ್ಪಿನ ಚೂರು ಹೋಗಿರಬಹುದು. ಕಣ್ಣಿಗೆ ಹೋಗೋ ನಾಳವೂ ಮೆದುಳಿಗೆ ಹೋಗೋ ದೊಡ್ಡ ನಾಳದಿಂದಲೇ ಕವಲೊಡೆಯುತ್ತೆ. ಮೊದಲನೇ ಥರದ್ದೇ ಆದ್ರೂ ಸ್ಟೆಂಟ್ ಹೊಸದು, ಮೊದಲು ಬರ್ತಿರಲಿಲ್ಲ ಅಂದ್ರೆ ಹೇಳದೆ ಇರಬೇಡಿ.

ನಿದ್ದೆಗೆಟ್ಟ ಹಕ್ಕಿ:
ಸರಿಯುತ್ತೆ. ಎರಡೂ ಕಣ್ಣಲ್ಲಿ. ಇಪ್ಪತ್ತು ನಿಮಿಷ. ಮೊದಲು ಬರ್ತಿರಲಿಲ್ಲ. ನಾಳೆ ಫೋನ್ ಮಾಡ್ತೀನಿ.

ಹೆಗಲ ಮೇಲೆ ಕೈ:
ನಾನು ರೋಗಿಯಲ್ಲ, ರೋಗಿಯ ಗಂಡ. ಇಲ್ಲಿ ಒಡೆದದ್ದನ್ನೂ ಒಡೆಯದ್ದನ್ನೂ ಒಂದೇ ಬುಟ್ಟಿಗೆ ಹಾಕ್ತಿದ್ದೀರಿ, ಅದಕ್ಕೆ ಬರೀತಿದ್ದೀನಿ. ನನ್ನ ಹೆಂಡತಿಗೆ ಒಡೆದಿತ್ತು. ಕಾಯ್ಲಿಂಗ್ ಎರಡು ಗಂಟೆಯಲ್ಲಿ ಮುಗೀತು, ‘ಸಕ್ಸಸ್’ ಅಂದ್ರು. ನಾನು ಎಲ್ಲರಿಗೂ ಫೋನ್ ಮಾಡಿ ಹೇಳಿಬಿಟ್ಟೆ. ಆರನೇ ದಿನ ಅವಳಿಗೆ ನನ್ನ ಗುರುತು ಸಿಗಲಿಲ್ಲ. ಚೆಲ್ಲಿದ ರಕ್ತದ ಕಿರಿಕಿರಿಗೆ ಮೆದುಳಿನ ನಾಳಗಳು ಬಿಗಿದುಕೊಳ್ಳುತ್ತವಂತೆ, ವಾಸೋಸ್ಪಾಸಂ. ನಾಲ್ಕನೇ ದಿನದಿಂದ ಹದಿನಾಲ್ಕನೇ ದಿನದವರೆಗೆ ಅದರ ಕಾಲ. ಅದಕ್ಕೇ ನಿಮೋಡಿಪಿನ್ ಮಾತ್ರೆ ನಾಲ್ಕು ಗಂಟೆಗೊಮ್ಮೆ, ರಾತ್ರಿಯೂ ಎಬ್ಬಿಸಿ, 21 ದಿನ. ಇದು ಕಾಯ್ಲಿನ ತಪ್ಪಲ್ಲ, ಕ್ಲಿಪ್ ಹಾಕಿದ್ರೂ ಬರುತ್ತಿತ್ತು. ಒಡೆದದ್ದರ ಫಲ.

ಈಗ ಒಂದೂವರೆ ವರ್ಷ. ನಡೀತಾಳೆ, ನಗ್ತಾಳೆ, ಬಂದವರು ‘ಏನೂ ಆಗೇ ಇಲ್ಲವಲ್ಲ’ ಅಂತಾರೆ. ಅವಳ ಗುಳ್ಳೆ ಇದ್ದದ್ದು ಮುಂಭಾಗದ ಎರಡು ನಾಳ ಕೂಡೋ ಜಾಗದಲ್ಲಿ. ಅಲ್ಲಿ ಪೆಟ್ಟಾದ್ರೆ ನೆನಪು, ಸ್ವಭಾವ ಎರಡಕ್ಕೂ ಏಟು. ನಡೆಯದೇ ಇದ್ದದ್ದನ್ನ ನಡೆದ ಹಾಗೆ ಹೇಳ್ತಾಳೆ, ಸುಳ್ಳು ಹೇಳ್ತಿದ್ದಾಳೆ ಅಂತ ಮೊದಮೊದಲು ನಾನು ಜಗಳ ಆಡ್ತಿದ್ದೆ. ಅದು ಸುಳ್ಳಲ್ಲ, ನೆನಪಿನಲ್ಲಿ ತೂತು ಬಿದ್ದಲ್ಲಿ ಮೆದುಳು ತಾನೇ ತೇಪೆ ಹಾಕುತ್ತೆ ಅಂತ ಮನಶ್ಶಾಸ್ತ್ರಜ್ಞೆಯೊಬ್ಬರು ಹೇಳಿದಾಗ ನನಗೆ ನಾಚಿಕೆ ಆಯ್ತು. ಆರನೇ ತಿಂಗಳಲ್ಲಿ ನಡಿಗೆ ಎಳೆಯೋಕೆ ಶುರುವಾಯ್ತು, ಮೂತ್ರ ತಡೆಯೋಕಾಗ್ತಿರಲಿಲ್ಲ. ಸುಸ್ತು ಅಂದ್ಕೊಂಡ್ವಿ. ನೋಡಿದ್ರೆ ಮೆದುಳಲ್ಲಿ ನೀರು ತುಂಬಿತ್ತು, ಆ ನೀರು ಹೊರಹರಿಸೋ ಕೊಳವೆ, ಶಂಟ್, ಹಾಕಿದ ಮೇಲೆ ನಡಿಗೆ ಸುಧಾರಿಸಿತು. ರಕ್ತಸ್ರಾವ ಆದವರ ಮನೆಯವರು ಈ ಮೂರನ್ನ ಒಟ್ಟಿಗೆ ಕಂಡ್ರೆ ಸುಸ್ತು ಅಂತ ಬಿಡಬೇಡಿ: ನಡಿಗೆ, ಮೂತ್ರ, ಮರೆವು.

ಬಡಗಣ ಗಾಳಿ:
ಅಣ್ಣಾರ, ಓದಿ ಸುಮ್ಮನ ಕುಂತೆ. ಅವ್ರನ್ನ ಚಂದ ನೋಡ್ಕೊಳ್ರಿ. ನಿಮ್ಮನ್ನೂ.

ಅರ್ಧ ನಿಮಿಷ:
ಸ್ವಲ್ಪ ಹಗುರ ವಿಷಯ. ವಿಮಾನ ನಿಲ್ದಾಣದ ಲೋಹ ಪತ್ತೆ ಬಾಗಿಲಲ್ಲಿ ತಲೆ ಕೂಗುತ್ತಾ? ಮುಂದಿನ ತಿಂಗಳು ಹೋಗ್ಬೇಕು.

ಏಳು ಸುರುಳಿ:
ನಂದು ಒಂದು ಸಲವೂ ಕೂಗಿಲ್ಲ. ಬೆಲ್ಟ್ ಮಾತ್ರ ಕೂಗಿದೆ.

ಕ್ಯಾಥ್‌ಲ್ಯಾಬ್ ಕಿಟಕಿ:
ಕೂಗಲ್ಲ, ಅಷ್ಟು ಲೋಹ ಇರಲ್ಲ. ಎಂಆರ್‌ಐಗೂ ಪ್ಲಾಟಿನಂ ಕಾಯ್ಲ್ ಅಡ್ಡಿ ಮಾಡಲ್ಲ, ಹಳೇ ಕಾಲದ ಕೆಲವು ಉಕ್ಕಿನ ಕ್ಲಿಪ್‌ಗಳ ಹೆದರಿಕೆಯನ್ನ ಜನ ಕಾಯ್ಲ್‌ಗೂ ಅಂಟಿಸಿಬಿಟ್ಟಿದ್ದಾರೆ. ಆದ್ರೆ ಏನು ಹಾಕಿದ್ದಾರೆ ಅನ್ನೋ ಇಂಪ್ಲಾಂಟ್ ಕಾರ್ಡ್ ಜೇಬಲ್ಲಿ ಇರಲಿ, ಎಂಆರ್‌ಐಯವರು ಕೇಳೇ ಕೇಳ್ತಾರೆ. ಸ್ಟೆಂಟ್ ಇದ್ರೆ ಎಂಆರ್‌ಐ ಚಿತ್ರದಲ್ಲಿ ಅದರೊಳಗಿನ ಹರಿವು ಮಸುಕಾಗಿ ಕಾಣುತ್ತೆ. ಅದಕ್ಕೇ ಆರು ತಿಂಗಳಿಗೋ ವರ್ಷಕ್ಕೋ ಮತ್ತೆ ಡಿಎಸ್‌ಎ, ಅಂದ್ರೆ ಕ್ಯಾತಿಟರ್ ತೂರಿಸಿ ಮಾಡೋ ಆಂಜಿಯೋಗ್ರಾಂ, ಹೇಳೋದು. ಕಾಟ ಕೊಡೋಕಲ್ಲ.

ಮಳೆ ನಿಂತ ಮೇಲೆ:
ನಿಕ್ಕಲ್ ಅಲರ್ಜಿ ಇರೋರಿಗೆ? ನನಗೆ ಕಿವಿಯೋಲೆ ಕೂಡ ಆಗಲ್ಲ.

ಕ್ಯಾಥ್‌ಲ್ಯಾಬ್ ಕಿಟಕಿ:
ತುಂಬಾ ಸ್ಟೆಂಟ್‌ಗಳು ನಿಟಿನಾಲ್, ಅಂದ್ರೆ ನಿಕ್ಕಲ್ ಮತ್ತು ಟೈಟಾನಿಯಂ. ಹೆಚ್ಚಿನವರಿಗೆ ಏನೂ ಆಗಲ್ಲ, ಆದ್ರೆ ಹಾಕೋ ಮೊದಲೇ ಹೇಳ್ಬೇಕಾದ ಮಾತು ಅದು. ಹೇಳಿದ್ರಾ?

ಮಳೆ ನಿಂತ ಮೇಲೆ:
ನನಗೆ ಬರೀ ಕಾಯ್ಲ್, ಸ್ಟೆಂಟ್ ಇಲ್ಲ. ಬಚಾವ್.

ಗೋಡೆಯ ಬಿಳಿ ಚುಕ್ಕೆ:
ತಡವಾಗಿ ಬಂದೆ. ‘ಏಳು ವಾರ ಆಯ್ತು, ಇನ್ನೇನು ಆಗಲ್ಲ’ ಅಂತ ಯಾರಾದ್ರೂ ಅಂದ್ರೆ ನನ್ನ ಕಥೆ ಹೇಳಿ. ಫ್ಲೋ ಡೈವರ್ಟರ್ ಹಾಕಿಸ್ಕೊಂಡೆ, ಎರಡು ತಿಂಗಳು ಏನೂ ಇಲ್ಲ. ಆಮೇಲೆ ಒಂದು ದಿನ ಬಲಗೈ ಬೆರಳು ಜುಮ್ ಅನ್ನೋಕೆ ಶುರು, ತಲೆ ಭಾರ, ಟೈಪ್ ಮಾಡುವಾಗ ಅಕ್ಷರ ತಪ್ಪೋದು. ಮೊದಲು ನೋಡಿದವರು ಕತ್ತಿನ ಮೂಳೆ ಸವೆತ ಅಂದ್ರು. ನಾನೂ ನಂಬಿದೆ, ದಿಂಬು ಬದಲಾಯಿಸಿದೆ. ಕೊನೆಗೆ ಎಂಆರ್‌ಐ ಮಾಡಿಸಿದ್ರೆ ಸ್ಟೆಂಟ್ ಹಾಕಿದ ನಾಳ ಎಲ್ಲೆಲ್ಲಿ ರಕ್ತ ಕೊಡುತ್ತೋ ಆ ಕಡೆ ಮಾತ್ರ ಬಿಳಿ ಬಿಳಿ ಮಚ್ಚೆ, ಸುತ್ತ ಊತ. ಇನ್ನೊಂದು ಕಡೆ ಸ್ವಚ್ಛ.

ಕ್ಯಾತಿಟರ್ ನುಣುಪಾಗಿ ಜಾರಲಿ ಅಂತ ಅದರ ಮೇಲೆ ಒಂದು ಲೇಪ ಇರುತ್ತೆ. ಆ ಲೇಪದ ಕಣಗಳು ಉದುರಿ ಮೆದುಳಿನ ಸಣ್ಣ ನಾಳಗಳಿಗೆ ಹೋಗಿ ಕೂತ್ರೆ, ಮುಳ್ಳು ಚುಚ್ಚಿದ ಜಾಗ ಬಾವು ಬರೋ ಹಾಗೆ, ದೇಹ ಅದರ ಮೇಲೆ ಯುದ್ಧ ಹೂಡುತ್ತೆ. ಬಹಳ ಅಪರೂಪ ಅಂದ್ರು. ಸ್ಟೀರಾಯ್ಡ್ ಕೊಟ್ರು, ಹತ್ತು ದಿನಕ್ಕೆ ಬೆರಳು ವಾಪಸ್ ನನ್ನದಾಯ್ತು. ಡೋಸ್ ಇಳಿಸಿದಾಗ ಒಂದು ಸಲ ಮರುಕಳಿಸಿತು, ಈಗ ಆರಾಮ. ನಿಮಗೂ ಇದೇ ಅಂತ ನಾನು ಹೇಳ್ತಿಲ್ಲ. ಹೊಸ ಲಕ್ಷಣ ಬಂದ್ರೆ ‘ನನಗೆ ಇಂಥ ತಾರೀಕು ಮೆದುಳಿನ ನಾಳಕ್ಕೆ ಪ್ರೊಸೀಜರ್ ಆಗಿದೆ’ ಅನ್ನೋದನ್ನ ಮೊದಲ ವಾಕ್ಯದಲ್ಲೇ ಹೇಳಿ. ನಾನು ಅದನ್ನ ಕೊನೇಲಿ ಹೇಳಿದ್ದೆ, ಬಾಗಿಲು ದಾಟುವಾಗ.

ನೀರಲ್ಲಿ ನೆರಳು:
ಹಕ್ಕಿಯವರೇ, ಒಂದು ವಿಚಿತ್ರ ಪ್ರಶ್ನೆ. ಎರಡು ಮಾತ್ರೆಗೆ ಹೊಟ್ಟೆ ಉರಿ ಬರುತ್ತೆ ಅಂತ ಆಸಿಡಿಟಿಗೆ ಏನಾದ್ರೂ ತಗೋತಿದ್ದೀರಾ? ಯಾವುದು?

ನಿದ್ದೆಗೆಟ್ಟ ಹಕ್ಕಿ:
ಒಮೆಪ್ರಜೋಲ್. ಮನೇಲಿ ಇತ್ತು, ನಾನೇ ಶುರು ಮಾಡಿದೆ. ಯಾಕೆ?

ನೀರಲ್ಲಿ ನೆರಳು:
ಕ್ಲೊಪಿಡೊಗ್ರೆಲ್ ನುಂಗಿದ ಕೂಡಲೇ ಕೆಲಸ ಮಾಡಲ್ಲ, ಯಕೃತ್ತಿನಲ್ಲಿ ಒಂದು ಕಿಣ್ವ ಅದನ್ನ ಎಬ್ಬಿಸಬೇಕು. ಒಮೆಪ್ರಜೋಲ್ ಅದೇ ಕಿಣ್ವಕ್ಕೆ ಅಡ್ಡಗಾಲು. ಕೆಲವರಿಗೆ ಹುಟ್ಟಿನಿಂದಲೇ ಆ ಕಿಣ್ವ ಮಂದ, ಏಷ್ಯಾದವರಲ್ಲಿ ಇದು ಇನ್ನೂ ಹೆಚ್ಚು. ನಾಳೆ ಫೋನಲ್ಲಿ ಇದನ್ನೂ ಹೇಳಿ. ಗಾಬರಿ ಬೇಡ, ಆದ್ರೆ ಮರೀಬೇಡಿ.

ಕೊಂಕುಮಾತು:
ಅಣ್ಣನನ್ನ ಕೇಳಿದೆ. ದವಡೆ ಪೂರ್ತಿ ತೆರೆಯೋಕೆ ನಾಲ್ಕು ತಿಂಗಳು ಆಗ್ತಿರಲಿಲ್ಲವಂತೆ, ಹಣೆಯ ಒಂದು ಕಡೆ ಇವತ್ತಿಗೂ ಸ್ಪರ್ಶ ಇಲ್ಲವಂತೆ. ನೀನು ಯಾವತ್ತು ಕೇಳಿದ್ದೆ ಅಂದ. ಇಷ್ಟೇ.

ಅರ್ಧ ನಿಮಿಷ:
ಕೇಳಿ ಬಂದು ಬರೆದ್ರಲ್ಲ, ದೊಡ್ಡ ಮನಸ್ಸು. ಮೇಲಿನ ‘ತಲೆ ತೆಗೆದು’ ತಮಾಷೆ ವಾಪಸ್ ತಗೋತೀನಿ.

ನಿದ್ದೆಗೆಟ್ಟ ಹಕ್ಕಿ:
ಹನ್ನೊಂದು ದಿನದ ಮೇಲೆ ಬರೀತಿದ್ದೀನಿ. ಫೋನ್ ಮಾಡಿದ ದಿನವೇ ಕರೆದ್ರು. ಎಂಆರ್‌ಐ ಆಯ್ತು, ಹೊಸದಾಗಿ ಏನೂ ಇಲ್ಲ. ಮಿಂಚಿನ ಗೆರೆ ಮೈಗ್ರೇನ್ ಅಂದ್ರು, ಡೈರಿ ಬರೆಯೋಕೆ ಹೇಳಿದ್ದಾರೆ. ಪ್ಲೇಟ್‌ಲೆಟ್ ಪರೀಕ್ಷೆ ಮಾಡಿದ್ರು, ಕ್ಲೊಪಿಡೊಗ್ರೆಲ್ ಬೇಕಾದಷ್ಟು ಕೆಲಸ ಮಾಡ್ತಿರಲಿಲ್ಲ. ಒಮೆಪ್ರಜೋಲ್ ಬಿಡಿಸಿ ಪ್ಯಾಂಟೊಪ್ರಜೋಲ್ ಕೊಟ್ಟಿದ್ದಾರೆ, ಎರಡು ವಾರಕ್ಕೆ ಮತ್ತೆ ಪರೀಕ್ಷೆ, ಆಗಲೂ ಹಾಗೇ ಇದ್ರೆ ಮಾತ್ರೆಯನ್ನೇ ಬದಲಾಯಿಸ್ತಾರಂತೆ. ನೆರಳು ಅವರೇ, ನಿಮಗೆ ಏನು ಹೇಳಲಿ.

ಇನ್ನೊಂದು ವಿಷಯ. ಮೆದುಳಿನ ಎಡಭಾಗದಲ್ಲಿ ಮೂರು ಸಣ್ಣ ಚುಕ್ಕೆ, ಅಂದ್ರೆ ರಕ್ತ ಸಿಗದೆ ಆದ ಗುರುತು, ಇವೆ. ಪ್ರೊಸೀಜರ್ ಮಾರನೇ ದಿನದ ಸ್ಕ್ಯಾನಿನಲ್ಲೂ ಅವೇ ಇದ್ದವಂತೆ. ಕಾಯ್ಲಿಂಗ್ ಆದ ಬಹಳ ಜನರಲ್ಲಿ ಕಾಣುತ್ತೆ, ಹೆಚ್ಚಿನವರಿಗೆ ಗೊತ್ತೇ ಆಗಲ್ಲ, ಅದಕ್ಕೇ ಹೇಳಲಿಲ್ಲ ಅಂದ್ರು. ಹಾಗಾದ್ರೆ ‘ತುಂಬಾ ಚೆನ್ನಾಗಿದೆ’ ಅಂದಿದ್ದು? ಗುಳ್ಳೆ ಚೆನ್ನಾಗಿ ತುಂಬಿದೆ ಅಂತ. ನಾನು ಕೇಳಿದ್ದು ನನ್ನ ಬಗ್ಗೆ, ಅವರು ಹೇಳಿದ್ದು ಗುಳ್ಳೆ ಬಗ್ಗೆ. ಪದ ಮರೆಯೋದು ಆ ಚುಕ್ಕೆಯಿಂದಲೋ, ನಿದ್ದೆ ಇಲ್ಲದ್ದಕ್ಕೋ ಅಂತ ಈಗಲೇ ಹೇಳೋಕಾಗಲ್ಲವಂತೆ. ಮೂರು ತಿಂಗಳಿಗೆ ನೆನಪಿನ ಪರೀಕ್ಷೆ ಇಟ್ಟಿದ್ದಾರೆ.

ಮನೆಯವರಿಗೆ ಹೆಗಲ ಮೇಲೆ ಕೈ ಅವರು ಬರೆದದ್ದನ್ನ ಓದಿಸಿದೆ. ಆಮೇಲೆ ‘ಇನ್ನೂ ಏನು’ ಅಂತ ಕೇಳಿಲ್ಲ.

ಏಳು ಸುರುಳಿ:
ಮೂರು ತಿಂಗಳಿಗೆ ಬಂದು ಬರೀಲೇಬೇಕು. ಬೀಗ ಅನ್ನೋ ಪದ ಸಿಕ್ತಾ?

ನಿದ್ದೆಗೆಟ್ಟ ಹಕ್ಕಿ:
ಸಿಕ್ತು. ಕೀಲಿ ಸಿಕ್ಕಿಲ್ಲ, ಅದು ಮೊದಲಿಂದಲೂ ಹಾಗೇ.

ಮಳೆ ನಿಂತ ಮೇಲೆ:
ನನಗೆ ಉದುರಿದ ಜಾಗದಲ್ಲಿ ಹೊಸ ಕೂದಲು ಬರ್ತಿದೆ, ಆದ್ರೆ ಗುಂಗುರು! ಉಳಿದದ್ದೆಲ್ಲ ನೇರ. ಯಾರಿಗಾದ್ರೂ ಹೀಗಾಗಿದೆಯಾ?